ಎಡಗಡೆಯ ಹೊಲಿಗೆ

ಆಸ್ಪತ್ರೆಯಿಂದ ಮಗನ ಫೋನು ಬಂದಾಗ ಬೆಳಿಗ್ಗೆ ಹತ್ತೂವರೆ. ನಾನು ಅಂಗಡಿಯ ಮೇಜಿನ ಮೇಲೆ ಶಾಲೆಯ ಯೂನಿಫಾರ್ಮಿನ ಬಟ್ಟೆ ಹಾಸಿಕೊಂಡು ಕಾಲರು ಕತ್ತರಿಸುತ್ತಿದ್ದೆ. "ಅಪ್ಪಾ, ಹೋದಳು" ಎಂದ. ನಾನು "ಆಗಲಿ" ಎಂದೆ. ಹಾಗೇಕೆ ಅಂದೆನೋ ತಿಳಿಯದು. ನಾಳೆ ಬರುತ್ತೇವೆ ಎನ್ನುವ ಗಿರಾಕಿಗಳಿಗೆ ನಾನು ಹೇಳುವ ಮಾತು ಅದು. ಫೋನಿಟ್ಟು ಉಳಿದ ಆರು ಕಾಲರುಗಳನ್ನೂ ಕತ್ತರಿಸಿ ಮುಗಿಸಿದೆ. ಗೆರೆ ತಪ್ಪಲಿಲ್ಲ. ಆಮೇಲೆ ಒಳಗೆ ಹೋಗಿ ಹೆಂಡತಿಗೆ ತಿಳಿಸಿದೆ. ಅವಳು ಆಲೂಗಡ್ಡೆ ಸುಲಿಯುತ್ತಿದ್ದಳು. ಕೈಯಲ್ಲಿದ್ದದ್ದನ್ನು ಪೂರ್ತಿ ಸುಲಿದು ನೀರಿಗೆ ಹಾಕಿ, "ಗುಂಡಿಗೆ ಯಾರು ಹೇಳ್ತೀರಿ?" ಎಂದು ಕೇಳಿದಳು.

ಹೋದವಳು ನಮ್ಮ ಸೊಸೆ. ನಮಗೆ ಒಬ್ಬನೇ ಮಗ, ಒಬ್ಬಳೇ ಸೊಸೆ. ಅವಳಿಗೆ ನಲವತ್ತಾಗಲು ಇನ್ನೂ ಎರಡು ವರ್ಷವಿತ್ತು. ಎದೆಯ ಕ್ಯಾನ್ಸರು. ಗುಂಡಿ ಎಂದರೆ ಅವಳ ಮಗಳು, ಹದಿನೇಳು ವರ್ಷ. ಅಂಬೆಗಾಲಿಡುವಾಗ ಅಂಗಡಿಯ ನೆಲದಲ್ಲಿ ಬಿದ್ದ ಗುಂಡಿಗಳನ್ನೆಲ್ಲ ಹೆಕ್ಕಿ ಕೆನ್ನೆಯಲ್ಲಿ ಬಚ್ಚಿಟ್ಟುಕೊಳ್ಳುತ್ತಿದ್ದಳೆಂದು ಅವಳ ತಾಯಿಯೇ ಇಟ್ಟ ಹೆಸರು. ಕಾಲೇಜಿಗೆ ಹೋಗಿ ಅವಳಿಗೆ ಹೇಳಿದವನು ನಾನೇ. ಅವಳು ಪುಸ್ತಕಗಳನ್ನು ಚೀಲಕ್ಕೆ ತುಂಬಿಕೊಂಡು ನನ್ನ ಹಿಂದೆ ನಡೆದು ಬಂದಳು. 

ನಮ್ಮ ಮನೆಯ ಮುಂದಿನ ಕೋಣೆಯೇ ಅಂಗಡಿ. ನಾನು ಕತ್ತರಿಸುವವನು. ಮಗ ಹೊಲಿಯುತ್ತಾನೆ, ಇಸ್ತ್ರಿ ಮಾಡುತ್ತಾನೆ. ಸೊಸೆ ಕಾಜಾ, ಗುಂಡಿ, ಕೈಹೊಲಿಗೆ ನೋಡಿಕೊಳ್ಳುತ್ತಿದ್ದಳು. ಹೆಂಗಸರ ಅಳತೆ ತೆಗೆಯುವುದು ನನ್ನ ಹೆಂಡತಿ. ಮೂಲೆಯಲ್ಲಿ ಪರದೆ ಕಟ್ಟಿದ್ದೇವೆ. ಅದರೊಳಗಿನಿಂದ ಅವಳು ಅಳತೆ ಕೂಗುತ್ತಾಳೆ, ಹೊರಗೆ ನಾನು ಚೀಟಿಯಲ್ಲಿ ಬರೆದುಕೊಳ್ಳುತ್ತೇನೆ.

ನಮ್ಮ ಮದುವೆಯಾದ ಮೊದಲ ವರ್ಷವೇ ಹೆಂಡತಿಗೆ ನಾನೊಂದು ಪಾಠ ಹೇಳಿದ್ದೆ. ನನಗೆ ನನ್ನ ತಂದೆ ಹೇಳಿದ್ದ ಪಾಠ ಅದು. ದರ್ಜಿಯ ಕಣ್ಣಿಗೆ ದೇಹದಲ್ಲಿ ತಪ್ಪು ಕಾಣಬಾರದು. ಭುಜ ಇಳಿದಿದೆ, ಬೆನ್ನು ಗೂನಿದೆ, ಒಂದು ಬದಿ ದಪ್ಪವಾಗಿದೆ ಎಂದು ಬಾಯಿಬಿಟ್ಟು ಹೇಳಬಾರದು. ದೇವರು ಕೊಟ್ಟ ದೇಹಕ್ಕೆ ತಪ್ಪಿಲ್ಲ, ತಪ್ಪೆಲ್ಲ ಬಟ್ಟೆಯದು. ಬಟ್ಟೆಯನ್ನು ತಿದ್ದಿಕೊಡುವುದೇ ನಮ್ಮ ಕಸುಬು. ಈ ನಡತೆಯಿಂದ ನಮ್ಮ ಅಂಗಡಿಗೆ ಒಳ್ಳೆಯ ಹೆಸರು ಬಂದಿತ್ತು. ನಾಲ್ಕು ಬೀದಿಯ ಹೆಂಗಸರು ನನ್ನ ಹೆಂಡತಿಯ ಮುಂದೆ ನಾಚಿಕೆಯಿಲ್ಲದೆ ನಿಲ್ಲುತ್ತಿದ್ದರು.

ಎರಡು ವರ್ಷದ ಹಿಂದೆ ಸೊಸೆಗೆ ಒಂದು ಅಂಗಿ ಹೊಲಿದೆವು. ತೊಟ್ಟು ನೋಡಿದಾಗ ಎದೆಯ ಎಡಭಾಗದಲ್ಲಿ ಬಟ್ಟೆ ಹಿಡಿದುಕೊಂಡಿತು. ಹೆಂಡತಿ ಪರದೆಯೊಳಗಿನಿಂದ, "ರೀ, ಎಡಗಡೆ ಎಳೀತಿದೆ" ಎಂದಳು. ನಾನು ತಲೆಯೆತ್ತದೆ, "ಹೊಲಿಗೆ ಬಿಚ್ಚಿ ಅರ್ಧ ಅಂಗುಲ ಬಿಡು" ಎಂದೆ. ಬಿಟ್ಟಳು. ಅಂಗಿ ಚೆನ್ನಾಗಿ ಕೂತಿತು. ಸೊಸೆ ಹೊರಗೆ ಬಂದು, ಮಾವನ ಕೈ ಅಂದರೆ ಕೈ ಎಂದು ಹೊಗಳಿದಳು. ಆರು ತಿಂಗಳಾದ ಮೇಲೆ ಅದೇ ಅಂಗಿಗೆ ಇನ್ನರ್ಧ ಅಂಗುಲ ಬಿಟ್ಟೆವು. ನೋವಿದೆಯೆಂದು ಅವಳು ನಮಗೆ ಹೇಳಲಿಲ್ಲ, ನೋವಿರಲೂ ಇಲ್ಲವಂತೆ. ಆಸ್ಪತ್ರೆಗೆ ಹೋಗುವ ಹೊತ್ತಿಗೆ ಅದು ಕಂಕುಳು ದಾಟಿ ಮೂಳೆಗೆ ಇಳಿದಿತ್ತು.

ಈ ಅರ್ಧ ಅಂಗುಲದ ಸಂಗತಿ ಮುದುಕರಾದ ನಮ್ಮಿಬ್ಬರಿಗೆ ಮಾತ್ರ ಗೊತ್ತಿತ್ತು. ಮಗನಿಗೆ ಹೇಳಲಿಲ್ಲ. ಮಣ್ಣು ಮಾಡಿ ಬಂದ ಮೇಲೂ ಹೇಳಲಿಲ್ಲ. ನಾವಿಬ್ಬರೇ ಇದ್ದಾಗಲೂ ಅದರ ಮಾತೆತ್ತಲಿಲ್ಲ.

ಮೊದಲ ವಾರವೆಲ್ಲ ಹೆಂಡತಿ ಐದು ಜನಕ್ಕೆ ಅಡಿಗೆ ಮಾಡಿದಳು. ದಿನವೂ ಒಂದು ಪಾಲು ಮಿಗುತ್ತಿತ್ತು. ಅದನ್ನು ಯಾರೂ ಮುಟ್ಟುತ್ತಿರಲಿಲ್ಲ, ಚೆಲ್ಲುತ್ತಲೂ ಇರಲಿಲ್ಲ. ಮರುದಿನ ಅವಳೊಬ್ಬಳೇ ತಿನ್ನುತ್ತಿದ್ದಳು. ಎರಡನೆಯ ವಾರ ಅಕ್ಕಿಯ ಅಳತೆ ತಾನಾಗಿ ನಾಲ್ಕಕ್ಕೆ ಇಳಿಯಿತು. ಗುಂಡಿ ಕಾಲೇಜಿನಿಂದ ಬಂದು ತಾಯಿಯ ಕುರ್ಚಿಯಲ್ಲಿ ಕೂತು ಕಾಜಾ ಹೊಲಿಯತೊಡಗಿದಳು. ನಾವು ಹೇಳಿರಲಿಲ್ಲ. ಬೇಡವೆಂದೂ ಹೇಳಲಿಲ್ಲ.

ಒಂದು ಮಧ್ಯಾಹ್ನ ಮಗ ಊಟದ ನಡುವೆ ಉಪ್ಪು ಕಡಿಮೆ ಎಂದ.

"ಉಪ್ಪು ಅವಳು ಹಾಕ್ತಿದ್ದಳು" ಎಂದಳು ನನ್ನ ಹೆಂಡತಿ.

"ಇನ್ಮೇಲೆ ನೀನು ಹಾಕಮ್ಮ."

ನಾನು ಉಪ್ಪಿನ ಡಬ್ಬಿಯನ್ನು ಅವನ ಕಡೆಗೆ ಸರಿಸಿದೆ.

ಬೆಳಿಗ್ಗೆ ಪ್ರಾರ್ಥನೆಗೆ ಕೂರುವುದನ್ನು ನಾನು ಬಿಡಲಿಲ್ಲ. ಐವತ್ತು ವರ್ಷದ ರೂಢಿ. ಬಾಯಿಗೆ ಮಾತು ಬರುತ್ತಿತ್ತು. ಹೇಳಿ ಮುಗಿಸಿ ಏಳುತ್ತಿದ್ದೆ. ಪಕ್ಕದ ಮನೆಯವರ ಕಾಗದವನ್ನು ಓದಿದ ಹಾಗಿರುತ್ತಿತ್ತು.

ಮೂರನೆಯ ವಾರ ಆರೋಗ್ಯ ಕೇಂದ್ರದ ನರ್ಸಮ್ಮ ಬಂದಳು. ನಮ್ಮದೇ ಗಿರಾಕಿ. ಈ ಸಲ ಕೈಯಲ್ಲಿ ಬಟ್ಟೆಯಿರಲಿಲ್ಲ, ಒಂದು ಚಿತ್ರದ ಹಾಳೆಯಿತ್ತು. ಹೆಂಗಸರು ತಮ್ಮ ಎದೆಯನ್ನು ತಾವೇ ಹೇಗೆ ಪರೀಕ್ಷಿಸಿಕೊಳ್ಳಬೇಕೆಂದು ಅದರಲ್ಲಿ ಬರೆದಿತ್ತು. ಗುರುವಾರ ಕೇಂದ್ರದಲ್ಲಿ ಕಲಿಸುತ್ತೇನೆ, ನಿಮ್ಮ ಅಂಗಡಿಗೆ ಹೆಂಗಸರು ಬರುತ್ತಾರೆ, ಗೋಡೆಗೆ ಅಂಟಿಸಿ ಎಂದು ಕೇಳಿದಳು. ಹೆಂಡತಿ ಸೂಜಿಗೆ ದಾರ ಪೋಣಿಸುತ್ತಿದ್ದಳು.

"ನಮ್ಮನೇಲಿ ಆಗಿದ್ದು ಸಾಲದಾ ನರ್ಸಮ್ಮ?"

"ಆಗಿದೆ ಅಂತಲೇ ಬಂದೆ, ಅಮ್ಮಾ."

ಗುಂಡಿ ಎದ್ದು ಬಂದು ಹಾಳೆಯನ್ನು ತೆಗೆದುಕೊಂಡಳು. ಪರದೆಯ ಒಳಗೆ, ಕನ್ನಡಿಯ ಪಕ್ಕದಲ್ಲಿ, ನಾಲ್ಕು ಮೂಲೆಗೂ ಗುಂಡುಪಿನ್ನು ಚುಚ್ಚಿ ನಿಲ್ಲಿಸಿದಳು. ಇಸ್ತ್ರಿ ಮಾಡುತ್ತಿದ್ದ ಅವಳ ಅಪ್ಪ ಒಮ್ಮೆ ನೋಡಿ ಮುಖ ತಿರುಗಿಸಿದ.

ಆ ಗುರುವಾರ ಗುಂಡಿ ತಾನೇ ಹೋಗಿ ಬಂದಳು. ಮೂರೇ ಜನ ಬಂದಿದ್ದರಂತೆ. ಅವರಲ್ಲಿ ಇಬ್ಬರು ತಮ್ಮ ಮಕ್ಕಳಿಗೆ ಇಂಜೆಕ್ಷನ್ ಹಾಕಿಸಲು ಬಂದು ಕೂತವರು, ಇನ್ನೊಬ್ಬಳು ನಕ್ಕು ಎದ್ದು ಹೋದಳಂತೆ. ಇದನ್ನೆಲ್ಲ ಅವಳು ಊಟದ ಮುಂದೆ ಕೂತು ಹೇಳಿದಳು. ಮುಟ್ಟು ನಿಂತ ಮೂರು ನಾಲ್ಕು ದಿನಕ್ಕೆ, ತಿಂಗಳಿಗೊಮ್ಮೆ ನೋಡಿಕೊಳ್ಳಬೇಕು. ಮುಟ್ಟು ನಿಂತೇ ಹೋದವರು ತಿಂಗಳಿಗೆ ಒಂದು ತಾರೀಖು ಗೊತ್ತು ಮಾಡಿಕೊಳ್ಳಬೇಕು. ಮೊದಲು ಕನ್ನಡಿ, ಆಮೇಲೆ ಕೈ. ಬೆರಳ ತುದಿಯಲ್ಲ, ಮೂರು ಬೆರಳಿನ ಚಪ್ಪಟೆ ಭಾಗ.

"ಊಟದ ಹೊತ್ತಲ್ಲಿ ಇದೆಂಥಾ ಮಾತೇ?" ಎಂದಳು ಅಜ್ಜಿ.

"ಮತ್ತೆ ಯಾವ ಹೊತ್ತಲ್ಲಿ ಅಜ್ಜಿ? ನಮ್ಮನೇಲಿ ಇದನ್ನ ಮಾತಾಡೋ ಹೊತ್ತು ಯಾವುದು?"

ಮಗ, "ಊಟ ಮಾಡು" ಎಂದ. ಗುಂಡಿ ಊಟ ಮಾಡಿದಳು. ನಾವೂ ಮಾಡಿದೆವು.

ಮರುವಾರ ಬೇಕರಿಯವಳು ಬಂದಳು. ನಮ್ಮ ಬೀದಿಯ ತುದಿಯಲ್ಲಿ ಅವಳ ಅಂಗಡಿ. ಐವತ್ತರ ಹತ್ತಿರದ ಹೆಂಗಸು, ದೊಡ್ಡ ಗಂಟಲು, ಗಂಡ ಸತ್ತ ಮೇಲೆ ಒಬ್ಬಳೇ ಒಲೆ ನೋಡಿಕೊಂಡು ಎರಡು ಹೆಣ್ಣುಮಕ್ಕಳನ್ನು ಓದಿಸುತ್ತಿದ್ದಾಳೆ. ಕೆಲಸಕ್ಕೆ ತೊಡುವ ಬಿಳಿ ಕೋಟು ಹೊಲಿಯಲು ಕೊಟ್ಟಿದ್ದಳು, ತೊಟ್ಟು ನೋಡಲು ಬಂದಿದ್ದಳು. ಪರದೆಯ ಒಳಗೆ ಹೋದವಳು ಗೋಡೆಯ ಹಾಳೆಯನ್ನು ನೋಡಿ, ಈ ವಯಸ್ಸಲ್ಲಿ ಇದನ್ನ ಮುಟ್ಟಿ ನೋಡೋರು ಯಾರು, ನಾನೂ ಮರೆತುಬಿಟ್ಟಿದ್ದೆ ಎಂದು ನಗುವುದು ಹೊರಗೆ ಕೇಳಿಸಿತು. ಮಗ ಇಸ್ತ್ರಿ ಮೇಜಿನ ಹತ್ತಿರ ನಿಂತಿದ್ದ. ಗುಂಡಿ ಕಾಲೇಜಿನಲ್ಲಿದ್ದಳು.

ಆಮೇಲೆ ಹೆಂಡತಿಯ ದನಿ ಬಂತು.

"ರೀ, ಎಡಗಡೆ ಎಳೀತಿದೆ."

ನನ್ನ ಕೈಯಲ್ಲಿ ಸೀಮೆಸುಣ್ಣವಿತ್ತು. ನಾನು ಉತ್ತರ ಕೊಡಲಿಲ್ಲ. ಅವಳು ಕಾಯುತ್ತಿದ್ದಾಳೆಂದು ತಿಳಿಯಿತು. ಆದರೂ ಕೊಡಲಿಲ್ಲ. ಬೇಕರಿಯವಳೇ ನನ್ನ ಪರವಾಗಿ ಹೇಳಿದಳು.

"ಬಿಚ್ಚಿ ಒಂಚೂರು ಬಿಡಿ ಅಕ್ಕಾ. ದಿನಾ ಬೆಣ್ಣೆ ಬಿಸ್ಕತ್ತು ರುಚಿ ನೋಡೋಳು, ದಪ್ಪ ಆಗದೆ ಏನಾಗ್ತೀನಿ?"

"ದಪ್ಪ ಆದರೆ ಎರಡೂ ಕಡೆ ಆಗ್ಬೇಕು. ಕೈ ಮೇಲೆತ್ತು. ಇಲ್ಲಿ ನೋಡು ಕನ್ನಡಿಯಲ್ಲಿ. ಚರ್ಮ ಇಲ್ಲಿ ಒಳಗೆ ಹಿಡಕೊಂಡಿದೆ, ದಾರ ಎಳೆದ ಹಾಗೆ. ಎಷ್ಟು ದಿನ ಆಯ್ತು?"

"ನೋಡಿಲ್ಲ. ನೋವೇನೂ ಇಲ್ಲ ಬಿಡಿ."

"ನೋವು ಅವಳಿಗೂ ಇರಲಿಲ್ಲ."

ಬೇಕರಿಯವಳು, ಹೆದರಿಸಬೇಡಿ, ಒಲೆ ಬಿಟ್ಟು ಬಂದಿದ್ದೇನೆ, ಮುಂದಿನ ತಿಂಗಳು ನೋಡೋಣ ಎಂದು ಕೋಟು ಬಿಚ್ಚಲು ಹೋದಳೆಂದು ಕಾಣುತ್ತದೆ. ಆಗ ನನ್ನ ಹೆಂಡತಿ ಒಂದೊಂದೇ ಮಾತು ಹೇಳಿದಳು. ದನಿ ಎತ್ತಲಿಲ್ಲ, ತಗ್ಗಿಸಲೂ ಇಲ್ಲ.

"ಕೇಳಿಲ್ಲಿ. ನನ್ನ ಸೊಸೆಗೂ ಹಿಂಗೇ ಎಳೀತಿತ್ತು. ಎರಡು ವರ್ಷದ ಹಿಂದೆ ನಾನು ಕಂಡೆ. ಹೊಲಿಗೆ ಬಿಚ್ಚಿ ಅರ್ಧ ಅಂಗುಲ ಬಿಟ್ಟೆ. ಆರು ತಿಂಗಳಾದ ಮೇಲೆ ಮತ್ತೆ ಬಿಟ್ಟೆ. ಅವಳಿಗೆ ಒಂದು ಮಾತು ಹೇಳಲಿಲ್ಲ. ನಿನ್ನ ಕೋಟಿಗೆ ನಾನು ಬಿಡಲ್ಲ. ನಾಳೆ ಬೆಳಿಗ್ಗೆ ನನ್ನ ಜೊತೆ ಆಸ್ಪತ್ರೆಗೆ ಬಾ."

ಇಸ್ತ್ರಿಯ ಸದ್ದು ನಿಂತಿತ್ತು. ಮಗ ಇಸ್ತ್ರಿಪೆಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿ, ಸ್ವಿಚ್ಚು ಆರಿಸಿ, ಚಪ್ಪಲಿ ಮೆಟ್ಟಿಕೊಂಡು ಹೊರಟುಹೋದ. ನನ್ನ ಮುಖವನ್ನು ನೋಡಲಿಲ್ಲ. ನೋಡಿದ್ದರೆ ಹೇಳುತ್ತಿದ್ದೆನೋ ಏನೋ. ಬಿಡು ಎಂದವನು ನಾನೆಂಬುದನ್ನು ನನ್ನ ಹೆಂಡತಿ ಹೇಳಿರಲಿಲ್ಲ.

ಅವತ್ತಿನಿಂದ ಮಗ ತಾಯಿಯ ಕೈಯಡಿಗೆ ಉಣ್ಣಲಿಲ್ಲ. ಹೊತ್ತಿಗೆ ಸರಿಯಾಗಿ ಅಂಗಡಿಗೆ ಬರುವನು, ಹೊಲಿಯುವನು, ಒಂದು ಗಂಟೆಗೆ ಹೊರಗೆ ಹೋಗಿ ಬ್ರೆಡ್ಡು ತಿಂದು ಬರುವನು. ಅವಳು ದಿನವೂ ಅವನ ತಟ್ಟೆ ಇಡುತ್ತಿದ್ದಳು, ಊಟವಾದ ಮೇಲೆ ಖಾಲಿ ತಟ್ಟೆಯನ್ನು ತೊಳೆದಿಡುತ್ತಿದ್ದಳು. ಅವಳ ಬಳಿ ಮಾತಾಡಬೇಕಾದರೆ ಗುಂಡಿಯ ಮೂಲಕ ಹೇಳಿಸುತ್ತಿದ್ದ. ದಾರ ಮುಗಿದಿದೆ ಅಂತ ಹೇಳು. ಆ ಲಂಗ ಇವತ್ತೇ ಬೇಕಂತೆ ಅಂತ ಹೇಳು. ಕೊನೆಗೆ ಗುಂಡಿ, "ಅಪ್ಪಾ, ನಾನೇನು ಅಂಚೆಯವಳಾ? ನಾಲ್ಕು ಹೆಜ್ಜೆ ದೂರದಲ್ಲಿ ಅಜ್ಜಿ ಕೂತಿದ್ದಾರೆ" ಎಂದಳು. ಅವನು ಚೀಟಿಯಲ್ಲಿ ಬರೆದಿಡತೊಡಗಿದ. ನಾನು ಇದನ್ನೆಲ್ಲ ನೋಡುತ್ತ ಎರಡು ತಿಂಗಳು ಬಟ್ಟೆ ಕತ್ತರಿಸಿದೆ.

ನನ್ನ ಹೆಂಡತಿ ಒಮ್ಮೆಯೂ ನನ್ನನ್ನು ಕೇಳಲಿಲ್ಲ. ಒಂದು ಸಲ ನಾನೇ, ಅವನಿಗೆ ಹೇಳಲೇ ಎಂದು ಶುರುಮಾಡಿದೆ. "ಅವನಿಗೆ ಸಿಟ್ಟಿಲ್ಲದೆ ಜೊತೇಲಿ ಕೂತು ಹೊಲಿಯೋಕೆ ಒಬ್ಬರಾದರೂ ಬೇಕು. ನೀವಿರಿ" ಎಂದು ಅವಳು ಪಾತ್ರೆ ಉಜ್ಜುವುದನ್ನು ಮುಂದುವರಿಸಿದಳು. ನಾನು ಒಪ್ಪಿಕೊಂಡೆ. ಒಪ್ಪಿಕೊಳ್ಳುವುದು ಸುಲಭವಾಗಿತ್ತು.

ಬೇಕರಿಯವಳು ಆಸ್ಪತ್ರೆಗೆ ಹೋದಳು. ಮೊದಲ ದಿನ ಬರಲಿಲ್ಲ. ಎರಡನೆಯ ದಿನ ನನ್ನ ಹೆಂಡತಿ ಬೇಕರಿಯ ಬಾಗಿಲಲ್ಲಿ ನಿಂತು, ನೀನು ಬರೋವರೆಗೂ ನಾನು ಇಲ್ಲಿಂದ ಕದಲಲ್ಲ ಎಂದಳಂತೆ. ಏನಾಯಿತೆಂದು ಕೇಳುವ ಗಿರಾಕಿಗಳ ಕಾಟಕ್ಕೆ ಬೇಕರಿಯವಳು ಹೊರಟಳು. ಎದೆಯ ಎಕ್ಸ್‌ರೇ ಚಿತ್ರ ತೆಗೆದರು, ಸೂಜಿ ಚುಚ್ಚಿ ನೋಡಿದರು. ಹೌದು, ಅದೇ. ಆದರೆ ಸಣ್ಣದಿದೆ, ಬೇರೆಲ್ಲಿಗೂ ಹರಡಿದ ಗುರುತಿಲ್ಲ, ಈಗಲೇ ತೆಗೆದರೆ ಒಳ್ಳೆಯದು ಎಂದರು. ಶಸ್ತ್ರಚಿಕಿತ್ಸೆಯ ದಿನ ಅವಳ ಹೆಣ್ಣುಮಕ್ಕಳಿಬ್ಬರೂ ಒಲೆ ಹಚ್ಚಿ ಬ್ರೆಡ್ಡು ಸುಟ್ಟರು. ಅರ್ಧ ಕರಕಲಾಗಿತ್ತು. ಬೀದಿಯವರು ಕೊಂಡರು.

ಈ ಸುದ್ದಿ ಬೀದಿಯಲ್ಲಿ ಹರಡಿದ ಮೇಲೆ ಹೆಂಗಸರು ಆರೋಗ್ಯ ಕೇಂದ್ರಕ್ಕೆ ಹೋಗಲಿಲ್ಲ, ನಮ್ಮಲ್ಲಿಗೆ ಬಂದರು. ಅಳತೆ ತೆಗೆಯುವ ನೆಪದಲ್ಲಿ ಬಂದು, ಪರದೆಯೊಳಗೆ ಹೋಗಿ, ಅಮ್ಮಾ ನೀವೊಮ್ಮೆ ನೋಡಿ ಎನ್ನುತ್ತಿದ್ದರು. ನಾನು ಡಾಕ್ಟರಲ್ಲ ಎಂದು ನನ್ನ ಹೆಂಡತಿ ನರ್ಸಮ್ಮನನ್ನೇ ಕರೆಸಿದಳು. ಗುರುವಾರ ಮಧ್ಯಾಹ್ನ ಅಂಗಡಿಯ ಬಾಗಿಲು ಅರ್ಧ ಎಳೆಯುವುದು, ಗಂಡಸರು ಹೊರಗೆ ಜಗುಲಿಯಲ್ಲಿ ಕೂರುವುದು ಎಂದಾಯಿತು.

ಗೋಡೆಯ ಚಿತ್ರ ನೋಡಿದರೆ ಕೈಗೆ ತಿಳಿಯುವುದಿಲ್ಲ ಎಂದು ಹೆಂಗಸರು ಹೇಳಿದರು. ಅದಕ್ಕೆ ನನ್ನ ಹೆಂಡತಿ ಮೆತ್ತನೆಯ ಬಟ್ಟೆಯಲ್ಲಿ ಎದೆಯ ಆಕಾರ ಹೊಲಿದು ಹತ್ತಿ ತುಂಬಿದಳು. ಒಂದರಲ್ಲಿ ಮೇಲುಗಡೆಯೇ ಒಂದು ಒಣ ಬಟಾಣಿ, ಇನ್ನೊಂದರಲ್ಲಿ ಆಳದಲ್ಲಿ ಒಂದು ಮಣಿ, ಮತ್ತೊಂದರಲ್ಲಿ ಏನೂ ಇಲ್ಲ. ಅಂಥ ಆರು ಮಾಡಿದಳು. ಗುಂಡಿ ಹತ್ತಿ ಬಿಡಿಸಿಕೊಟ್ಟಳು. ಹೆಂಗಸರು ಕಣ್ಣು ಮುಚ್ಚಿಕೊಂಡು ಹುಡುಕುವರು. ನರ್ಸಮ್ಮ, ಮೊದಲು ಹಗುರಾಗಿ, ಆಮೇಲೆ ಸ್ವಲ್ಪ ಒತ್ತಿ, ಆಮೇಲೆ ಪಕ್ಕೆಲುಬು ಸಿಗುವಷ್ಟು ಒತ್ತಿ, ಕಂಕುಳನ್ನು ಬಿಡಬೇಡಿ ಎಂದು ಹೇಳಿಕೊಡುವುದು ಜಗುಲಿಗೆ ಕೇಳುತ್ತಿತ್ತು. ಒಬ್ಬಳು ಹೆದರಿ, ಸಿಕ್ಕರೆ ಕಥೆ ಮುಗಿಯಿತಲ್ಲ ಎಂದಳು.

"ಸಿಕ್ಕ ಗಂಟೆಲ್ಲ ಕ್ಯಾನ್ಸರಲ್ಲ ತಾಯಿ, ಹೆಚ್ಚಿನವು ಅಲ್ಲವೇ ಅಲ್ಲ" ಎಂದಳು ನರ್ಸಮ್ಮ. "ಯಾವುದು ಹೌದು, ಯಾವುದು ಅಲ್ಲ ಅನ್ನೋದನ್ನ ಡಾಕ್ಟರು ಹೇಳ್ಬೇಕು. ಕೈಗೆ ಸಿಗದೆ ಇರೋದೂ ಇರುತ್ತೆ, ಅದಕ್ಕೆ ವಯಸ್ಸಾದೋರು ಆಸ್ಪತ್ರೇಲಿ ಎಕ್ಸ್‌ರೇ ಚಿತ್ರಾನೂ ತೆಗೆಸ್ಬೇಕು. ನಿಮ್ಮ ಕೈ ಹೇಳೋದು ಇಷ್ಟೇ. ಹೋದ ತಿಂಗಳು ಹೀಗಿರಲಿಲ್ಲ, ಈಗ ಹೀಗಿದೆ."

ಬೇಕರಿಯವಳು ಗಾಯ ಮಾಗುತ್ತಿದ್ದಂತೆ ತಾನೂ ಬಂದು ಕೂತಳು. ಹಿಟ್ಟಲ್ಲಿ ಸಾಸಿವೆಯಷ್ಟು ಗಂಟಿದ್ದರೂ ನನ್ನ ಕೈ ಹಿಡಿಯುತ್ತೆ, ಮೂವತ್ತು ವರ್ಷ ಊರಿನ ಹಿಟ್ಟೆಲ್ಲ ನಾದಿದೆ, ನನ್ನದನ್ನ ಮಾತ್ರ ಮುಟ್ಟಲಿಲ್ಲ ನೋಡಿ ಎಂದಳು. ಹೆಂಗಸರು ನಕ್ಕರು. ನನ್ನ ಹೆಂಡತಿ ನಕ್ಕದ್ದು ಕೇಳಲಿಲ್ಲ.

ಜಗುಲಿಯಲ್ಲಿ ನನ್ನ ಪಕ್ಕದಲ್ಲೇ ಮಗ ಕೂತಿದ್ದ. ಆ ನಗುವನ್ನು ಅವನಿಗೆ ತಾಳಲಾಗಲಿಲ್ಲವೆಂದು ತೋರುತ್ತದೆ. ಸಂಜೆ ಹೆಂಗಸರು ಹೋದ ಮೇಲೆ ಒಳಗೆ ಬಂದು, ಮೇಜಿನ ಮೇಲಿದ್ದ ಆ ಹತ್ತಿಯ ಗಂಟುಗಳನ್ನು ನೋಡಿ, ಮೊದಲ ಸಲ ತಾಯಿಗೆ ನೇರವಾಗಿ ಮಾತಾಡಿದ.

"ಮನೆಯೋಳನ್ನ ಕಳಿಸಿಬಿಟ್ಟು ಊರಿಗೆಲ್ಲ ಪಾಠ ಹೇಳ್ತಿದ್ದೀಯಲ್ಲಮ್ಮ. ಚೆನ್ನಾಗಿದೆ."

ಅವಳು ಬಟ್ಟೆಯ ಚೂರುಗಳನ್ನು ಗುಡಿಸುತ್ತಿದ್ದಳು. ಗುಡಿಸುವುದನ್ನು ನಿಲ್ಲಿಸಲಿಲ್ಲ. ಮೊರಕ್ಕೆ ತುಂಬಿ ಎತ್ತಲು ಬಗ್ಗಿದಾಗ ಒಂದು ಕೈ ಮೇಜಿನ ಕಾಲನ್ನು ಹಿಡಿದುಕೊಂಡಿತು. ಬಹಳ ಹೊತ್ತು ಹಾಗೆಯೇ ಹಿಡಿದಿತ್ತು.

"ಬಿಡು ಅಂದವನು ನಾನು" ಎಂದೆ.

ಮಗ ನನ್ನ ಕಡೆ ತಿರುಗಿದ.

"ಅವಳು ಕಂಡು ನನಗೆ ಹೇಳಿದಳು, ಎಡಗಡೆ ಎಳೀತಿದೆ ಅಂತ. ಹೊಲಿಗೆ ಬಿಚ್ಚಿ ಬಿಡು ಅಂದವನು ನಾನು. ಎರಡು ಸಲವೂ ನಾನೇ. ಗಿರಾಕಿಯ ದೇಹದ ಬಗ್ಗೆ ಬಾಯಿ ಬಿಡಬಾರದು ಅಂತ ಅವಳಿಗೆ ಕಲಿಸಿದವನೂ ನಾನೇ. ಊಟ ಬಿಡೋದಾದರೆ ನನ್ನ ಜೊತೆ ಬಿಡಪ್ಪ."

ಅವನು ಹೊಲಿಗೆ ಮಿಷನ್ನಿನ ಮುಂದಿನ ಸ್ಟೂಲಿನ ಮೇಲೆ ಕೂತ. ಬೈಯುತ್ತಾನೆಂದು ಕಾದೆ. ಬೈಯಲಿಲ್ಲ. ಕೈಗೆ ಸಿಕ್ಕ ಬಾಬಿನ್ನಿನಿಂದ ದಾರ ಎಳೆಯುತ್ತ ಹೋದ. ಅವನ ಮೊಣಕಾಲ ಮೇಲೆ ದಾರ ರಾಶಿಯಾಯಿತು.

"ನನಗೆ ಹೇಳಿದ್ದಳು" ಎಂದ.

ಹೆಂಡತಿ ಮೊರವನ್ನು ಕೆಳಗಿಟ್ಟಳು.

"ಏನೋ ಗಟ್ಟಿ ಸಿಗ್ತಿದೆ ಅಂದಳು. ಶಾಲೆ ಶುರುವಾಗೋ ತಿಂಗಳು. ನಾನೂರು ಯೂನಿಫಾರ್ಮು ಬಾಕಿ ಇತ್ತು. ಇದೊಂದು ಮುಗೀಲಿ, ಹೋಗಿ ಬರೋಣ ಅಂದೆ. ಮುಗಿದ ಮೇಲೆ ಅವಳು ಕೇಳಲಿಲ್ಲ. ನಾನೂ ಕೇಳಲಿಲ್ಲ."

ಎಳೆದ ದಾರವನ್ನು ಬೆರಳಿಗೆ ಸುತ್ತಿಕೊಂಡು, "ಅಮ್ಮ ಅವತ್ತು ಪರದೆಯೊಳಗೆ ಹೇಳಿದಾಗ, ಸದ್ಯ, ತಪ್ಪು ಅಮ್ಮಂದು ಅನ್ನಿಸ್ತು" ಎಂದ.

ಕಾಜಾದ ಕುರ್ಚಿಯಲ್ಲಿ ಗುಂಡಿ ಕೂತಿದ್ದಳು. ಅವಳು ಅಲ್ಲಿದ್ದಾಳೆಂಬುದು ನಮ್ಮ ಮೂವರಿಗೂ ಮರೆತುಹೋಗಿತ್ತು. ಅವಳು ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟಳು.

"ನಿಮಗೆ ಮೂರು ಜನಕ್ಕೂ ಗೊತ್ತಿತ್ತು" ಎಂದಳು. "ನನಗೆ ಯಾರೂ ಹೇಳಲಿಲ್ಲ. ಹೇಳಿದ್ದರೆ ನಾನು ಕರಕೊಂಡು ಹೋಗ್ತಿದ್ದೆ. ಹತ್ತನೇ ಕ್ಲಾಸು ಮುಗಿದು ನನಗೆ ಆವಾಗ ರಜಾ ಇತ್ತು."

ಅವಳು ಅಳಲಿಲ್ಲ, ಕೂಗಲಿಲ್ಲ. ಒಳಗೆ ಹೋದಳು. ಅಡಿಗೆಮನೆಯಲ್ಲಿ ನಲ್ಲಿ ಬಿಟ್ಟ ಸದ್ದು, ಪಾತ್ರೆಯ ಸದ್ದು ಕೇಳಿತು. ನಮ್ಮಲ್ಲಿ ಯಾರಿಗೂ ಎದ್ದು ಹೋಗುವ ಮುಖವಿರಲಿಲ್ಲ. ಅರ್ಧ ಗಂಟೆಯ ಮೇಲೆ ಅವಳು ಬಾಗಿಲಿಗೆ ಬಂದು ಅನ್ನ ಆಗಿದೆ ಎಂದಳು. ಹೋದೆವು. ನಾಲ್ಕು ತಟ್ಟೆಗೂ ಅವಳೇ ಬಡಿಸಿದಳು. ಮಗ ತಾಯಿಯ ಎದುರಿಗೆ ಕೂತು ಉಂಡ. ಯಾರೂ ಯಾರನ್ನೂ ಕ್ಷಮಿಸು ಎಂದು ಕೇಳಲಿಲ್ಲ. ಕ್ಷಮಿಸಬೇಕಾದವಳು ಅಲ್ಲಿರಲಿಲ್ಲ.

ಈಗ ಗುರುವಾರದ ಪಾಠವನ್ನು ನರ್ಸಮ್ಮ ಬಾರದ ದಿನ ಗುಂಡಿಯೇ ಹೇಳುತ್ತಾಳೆ. ಅವಳಿಗೆ ನಯವಿಲ್ಲ. ನಾಳೆ ನಾಳಿದ್ದು ಎನ್ನುವ ಹೆಂಗಸರಿಗೆ, ನಿಮ್ಮ ಮಗಳಿಗೆ ಹೇಳಿದ್ದೀರಾ, ಇವತ್ತೇ ಹೇಳಿ, ಅವಳಿಗೆ ರಜಾ ಇರಬಹುದು ಎಂದುಬಿಡುತ್ತಾಳೆ. ಕೆಲವರು ಇವಳ ಬಾಯಿ ಜೋರು ಎಂದು ದೂರಿಕೊಂಡಿದ್ದಾರೆ. ಇರಲಿ ಎಂದೆ. ತಿಂಗಳಿಗೊಮ್ಮೆ ಅವಳೇ ಅಜ್ಜಿಯನ್ನೂ ಕೋಣೆಗೆ ಕರೆದುಕೊಂಡು ಹೋಗಿ ಬಾಗಿಲು ಹಾಕಿಕೊಳ್ಳುತ್ತಾಳೆ. ನನ್ನೊಡನೆ ಮಾತು ಕಡಿಮೆ. ಕೇಳಿದ್ದಕ್ಕೆ ಉತ್ತರ ಕೊಡುತ್ತಾಳೆ.

ನಾನು ಬೆಳಿಗ್ಗೆ ಬೇಗ ಏಳುತ್ತೇನೆ. ಮೊದಲಿನ ಉದ್ದದ ಪ್ರಾರ್ಥನೆ ಈಗ ನನ್ನಿಂದ ಆಗುತ್ತಿಲ್ಲ. ಇಷ್ಟನ್ನು ಮಾತ್ರ ಹೇಳುತ್ತೇನೆ. ದೇವರೇ, ಮಗುವಿನಂಥ ನಮ್ಮ ಸೊಸೆಯನ್ನು ನಿನ್ನ ಬಳಿಗೆ ಕರೆಸಿಕೊಂಡೆ. ಇಪ್ಪತ್ತು ವರ್ಷ ಅವಳು ನಮ್ಮ ಕೆಲಸ ಮುಗಿಯಲೆಂದು ಕಾದಳು. ಇನ್ನು ಅವಳನ್ನು ಯಾವುದಕ್ಕೂ ಕಾಯಿಸಬೇಡ. ಅವಳು ಏನಾದರೂ ಹೇಳಲು ಬಂದರೆ ಕೇಳಿಸಿಕೋ. ಅವಳಿಗೆ ಶಾಂತಿ ಕೊಡು.